ನಾಲ್ಕು ನಿಮಿಷದಮ್ಮ

ಬೆಳಗಿನ ಐದೂಕಾಲು. ಬಸ್ ಡಿಪೋದ ಅಂಗಳದಲ್ಲಿ ಮೊದಲ ಎಂಜಿನ್ ಕೆಮ್ಮಿ ಸುಮ್ಮನಾಗುತ್ತದೆ, ಮತ್ತೆ ಕೆಮ್ಮುತ್ತದೆ. ವೈದ್ಯಕೀಯ ಕೋಣೆಗೆ ಅಂಟಿಕೊಂಡ ಪುಟ್ಟ ಶೌಚಾಲಯದಲ್ಲಿ ಐವತ್ತೆರಡು ವರ್ಷದ ಹೆಂಗಸೊಬ್ಬರು ಸ್ಟೂಲು ಹತ್ತಿ ನಿಂತು ಫ್ಲಶ್ ಟ್ಯಾಂಕಿಗೆ ನೀಲಿ ಬಣ್ಣ ಸುರಿಯುತ್ತಿದ್ದಾರೆ. ಇಳಿದು ಬಂದು ನಲ್ಲಿಗೆ ಟೇಪು ಸುತ್ತಿ, ಟೇಪಿನ ಮೇಲೆ ಸಹಿ ಹಾಕುತ್ತಾರೆ. ಸೋಪು ಹೊರಗೆ, ಬಕೆಟ್ಟು ಹೊರಗೆ, ಫಿನಾಯಿಲ್ ಹೊರಗೆ. ಕಿಟಕಿಯ ಅಂಚಿನಲ್ಲಿ ಒಮ್ಮೆ ಕೈಯಾಡಿಸಿ, "ಹ್ಞಾಂ, ಈಗ ಬರ್ಲಿ ನಮ್ಮ ಸಾಹೇಬ್ರುಗಳು" ಎನ್ನುತ್ತಾರೆ.

ಸಾಹೇಬರುಗಳೆಂದರೆ ಚಾಲಕರು. ಅವರು ಮಾದಕ ವಸ್ತು ಸೇವಿಸಿದ್ದಾರೆಯೇ ಎಂದು ಮೂತ್ರ ಪರೀಕ್ಷಿಸಿ ಹೇಳುವುದು ಊರಾಚೆಯ ಪ್ರಯೋಗಾಲಯ. ಆದರೆ ಅಲ್ಲಿಗೆ ಹೋಗುವ ಪ್ಲಾಸ್ಟಿಕ್ ಕಪ್ಪಿನಲ್ಲಿರುವುದು ನಿಜಕ್ಕೂ ಆ ಚಾಲಕನದ್ದೇ, ಅದಕ್ಕೆ ನೀರೋ ಬ್ಲೀಚೋ ಬೆರೆತಿಲ್ಲ ಎಂದು ನೋಡಿ ಮುದ್ರೆ ಒತ್ತುವುದು ಈಕೆಯ ಕೆಲಸ. ನೀಲಿ ಬಣ್ಣ, ಟೇಪು ಎಲ್ಲ ಅದಕ್ಕೇ. ದಿನಕ್ಕೆ ಇಪ್ಪತ್ತು ಇಪ್ಪತ್ತೆರಡು ಕಪ್ಪು. ಹತ್ತೊಂಬತ್ತು ವರ್ಷದಲ್ಲಿ ಲಕ್ಷ ದಾಟಿದೆ ಎಂದು ಮಗಳು ಲೆಕ್ಕ ಹಾಕಿ ಹೇಳಿದ್ದಾಳೆ. ಬಣ್ಣ ನೋಡಬೇಕು, ಮೂಸಬೇಕು, ತುಸು ಓಲಾಡಿಸಿ ನೊರೆ ನೋಡಬೇಕು. ಎಲ್ಲಕ್ಕಿಂತ ಮೊದಲು ಬಿಸಿ. ಕಪ್ಪಿನ ಹೊರಮೈಗೆ ಅಂಟಿಸಿದ ಪಟ್ಟಿಯಲ್ಲಿ ಮೂವತ್ತೆರಡರಿಂದ ಮೂವತ್ತೆಂಟು ಡಿಗ್ರಿಯ ನಡುವೆ ಹಸಿರು ಚುಕ್ಕೆ ಮೂಡಬೇಕು, ಅದೂ ನಾಲ್ಕು ನಿಮಿಷದೊಳಗೆ. ಜೇಬಲ್ಲಿಟ್ಟು ತಂದ ಬೇರೆಯವರ ಸರಕಾದರೆ ಚುಕ್ಕೆ ಮೂಡುವುದಿಲ್ಲ. "ಆದ ತಕ್ಷಣ ತನ್ನಿ, ನಾಲ್ಕೇ ನಿಮಿಷ" ಎಂದು ಹೇಳಿ ಹೇಳಿ ಡಿಪೋದಲ್ಲಿ ಅವರಿಗೆ 'ನಾಲ್ಕು ನಿಮಿಷದಮ್ಮ' ಎಂಬ ಹೆಸರೇ ಬಿದ್ದಿದೆ.

"ಒಬ್ಬ ಕಂಕುಳಲ್ಲಿ ಬಾಟ್ಲಿ ಇಟ್ಕೊಂಡು, ಮೇಲೆ ಬಿಸಿನೀರಿನ ಚೀಲ ಕಟ್ಕೊಂಡು ಬಂದಿದ್ದ. ನೋಡಿದ್ರೆ ನಲವತ್ತೊಂದು ಡಿಗ್ರಿ! ಅಲ್ಲಪ್ಪಾ, ಇಷ್ಟು ಜ್ವರ ಇದ್ರೆ ನೀನು ಬಸ್ಸಲ್ಲಲ್ಲ, ಆಂಬುಲೆನ್ಸಲ್ಲಿ ಇರ್ಬೇಕಿತ್ತು ಅಂದೆ" ಎಂದು ಸೆರಗು ಬಾಯಿಗಿಟ್ಟು ನಗುತ್ತಾರೆ. ಇನ್ನೊಬ್ಬ ಸೇಬಿನ ರಸವನ್ನೇ ತಂದಿದ್ದನಂತೆ. "ಮೂಸಿದ್ರೆ ಹಸಿವಾಗೋಯ್ತು ನಂಗೆ."

ನಗುವಂಥ ದಿನಗಳೇ ಎಲ್ಲವೂ ಅಲ್ಲ. ಸಿಕ್ಕಿಬಿದ್ದವನೊಬ್ಬ ಕಪ್ಪನ್ನು ಅವರ ಮೇಜಿನ ಮೇಲೆ ಬೋರಲು ಹಾಕಿ ಎದ್ದು ಹೋಗಿದ್ದ. ಮೊದಲ ಮೂರು ವರ್ಷ ಒಡಹುಟ್ಟಿದ ಅಕ್ಕನಿಗೂ "ಕಾಗದಪತ್ರದ ಕೆಲಸ" ಎಂದೇ ಹೇಳಿದ್ದರು. ಗುಟ್ಟು ಒಡೆದದ್ದು ದರ್ಜಿ ಕೆಲಸದ ಗಂಡ, ಅದೂ ತುಂಬಿದ ನೆಂಟರ ನಡುವೆ: "ನನ್ನ ಹೆಂಡ್ತಿ ಮುಂದೆ ಸುಳ್ಳು ಹೇಳೋಕಾಗಲ್ಲ ಕಣ್ರೀ, ಮೂಸಿ ಹಿಡೀತಾಳೆ!" ಅಂದಿನಿಂದ ಮುಚ್ಚುಮರೆ ಇಲ್ಲ. ಊಟಕ್ಕೆ ಕೂತಾಗ ಮಗಳು ಕಾಲೆಳೆಯುತ್ತಾಳೆ: "ಅಮ್ಮಾ, ಶರಬತ್ತನ್ನ ಬೆಳಕಿಗೆ ಹಿಡಿದು ನೋಡ್ಬೇಡ, ಸುಮ್ನೆ ಕುಡಿ."

ಇಂಥವರೂ ಎಡವುತ್ತಾರೆ. ಕಳೆದ ತಿಂಗಳು ಹೊಸ ಚಾಲಕನೊಬ್ಬ ಕೆಲಸಕ್ಕೆ ಸೇರುವ ಮುಂಚಿನ ಪರೀಕ್ಷೆಗೆ ಬಂದ. ಆರಡಿ ಆಳು, ಆದರೆ ನಾಚಿಕೆ ಎಂದರೆ ನಾಚಿಕೆ. ತಾಯಿಯ ವಯಸ್ಸಿನವರ ಕೈಯಿಂದ ಕಪ್ಪು ತೆಗೆದುಕೊಳ್ಳುವಾಗಲೇ ಕಿವಿ ಕೆಂಪು. ಅವನ ಪಾಡು ನೋಡಲಾರದೆ ನಾಲ್ಕು ನಿಮಿಷದಮ್ಮ ಎಂದೂ ಹೇಳದ ಮಾತು ಹೇಳಿಬಿಟ್ಟರು: "ಅವಸರ ಇಲ್ಲಪ್ಪಾ, ನಿಧಾನಕ್ಕೆ ಬಾ."

ಅವನು ನಿಧಾನಕ್ಕೇ ಬಂದ. ಹನ್ನೊಂದು ನಿಮಿಷ! ಕೆಲಸ ಎರಡೇ ನಿಮಿಷದಲ್ಲಿ ಮುಗಿದಿತ್ತಂತೆ. ಆಮೇಲೆ ಕನ್ನಡಿ ಮುಂದೆ ತಲೆಗೂದಲು ಒತ್ತಿಕೊಂಡು, ಕಾಲರು ಸರಿಮಾಡಿಕೊಂಡು, ಅದನ್ನು ಕೈಯಲ್ಲಿ ಹಿಡಿದು ಹೆಂಗಸರ ಮುಂದೆ ಹೇಗೆ ಹೋಗುವುದೆಂದು ಬಾಗಿಲ ಹಿಂದೆ ಧೈರ್ಯ ತಂದುಕೊಳ್ಳುತ್ತ ನಿಂತಿದ್ದನಂತೆ. ಇತ್ತ ಅವರು ಹಿಂದಿನ ಚಾಲಕನ ಕಪ್ಪಿನ ಚೀಲಕ್ಕೆ ಮುದ್ರೆ ಹಾಕುವುದರಲ್ಲಿ ಮುಳುಗಿ ಬಾಗಿಲು ತಟ್ಟುವುದನ್ನೂ ಮರೆತಿದ್ದರು. ಪಟ್ಟಿಯಲ್ಲಿ ಚುಕ್ಕೆಯೇ ಇಲ್ಲ.

ನಿಯಮದ ಪ್ರಕಾರ ಅದು ಮೋಸದ ಶಂಕೆ. ಆ ಕಪ್ಪನ್ನೂ ಕಳಿಸಬೇಕು, ಗಂಡಸೊಬ್ಬರ ಕಣ್ಣೆದುರಿನಲ್ಲೇ ಇನ್ನೊಂದು ಕಪ್ಪನ್ನೂ ತೆಗೆಸಬೇಕು. ಮೂರು ಗಂಟೆಯೊಳಗೆ ಅದು ಆಗದಿದ್ದರೆ ಕೈಗೆ ಬಂದ ಕೆಲಸ ಹೋದಂತೆಯೇ. ಹುಡುಗ ಬಿಳಿಚಿಕೊಂಡ. "ಅಮ್ಮಾ, ನಂದೇ ಅಮ್ಮಾ ಅದು, ಆಣೆಗೂ ನಂದೇ."

"ನಿಂದೇ ಅಂತ ನಂಗೂ ಅನ್ಸುತ್ತೆ. ಆದ್ರೆ ನಂಗನ್ನಿಸಿದ್ದನ್ನ ಬರಿಯೋಕೆ ಇಲ್ಲಿ ಜಾಗ ಇಲ್ಲ ಕಣಪ್ಪ" ಎಂದರು. ಆದರೂ ಫಾರಮ್ಮಿನ ಷರಾ ಕಾಲಮ್ಮಿನಲ್ಲಿ ಬರೆದರು: 'ಬಿಸಿ ಇಲ್ಲ. ಅವಸರವಿಲ್ಲ ಎಂದು ನಾನೇ ಹೇಳಿದ್ದೆ. ಬಾಗಿಲು ತಟ್ಟಲಿಲ್ಲ. ತಪ್ಪು ನನ್ನದು.' ಹತ್ತೊಂಬತ್ತು ವರ್ಷದಲ್ಲಿ ತಮ್ಮ ಮೇಲೆ ತಾವೇ ಬರೆದುಕೊಂಡ ಮೊದಲ ದೂರು.

ಎರಡನೆಯ ಸರದಿಗೆ ಕಾವಲು ನಿಂತವರು ದಪ್ಪ ಮೀಸೆಯ ಕಾಂಪೌಂಡರು. ಒಂಟಿಯಾಗಿದ್ದಾಗಲೇ ನಾಚುವವನಿಗೆ ಮೀಸೆಯ ಮುಂದೆ ಬಂದೀತೇ? ಒಂದು ಗಂಟೆ ಹೋಯಿತು. ಎರಡು ಹೋಯಿತು. ಕೊಡಬಹುದಾದ ನೀರಿಗೂ ಮಿತಿಯಿದೆ, ಅಷ್ಟನ್ನೂ ಕುಡಿದಾಗಿತ್ತು. ಹೊರಗೆ ಬೆಂಚಿನ ಮೇಲೆ ಸರದಿಗೆ ಕಾದಿದ್ದ ಹಳೆಯ ಚಾಲಕರು "ಮೊದಲನೇ ಗೇರ್ ಹಾಕೋ!", "ಹ್ಯಾಂಡ್‌ಬ್ರೇಕ್ ಬಿಡೋ ಮಾರಾಯ!" ಎಂದು ಹುರಿದುಂಬಿಸತೊಡಗಿದರು. ಒಳಗಿನಿಂದ ಕಾಂಪೌಂಡರು, "ನೀವು ಬಾಯ್ಮುಚ್ಚಿದ್ರೆ ಬರುತ್ತೆ ಕಣ್ರೋ! ನಂಗೇ ಬರೋ ಹಾಗಾಗಿದೆ!" ಎಂದು ಕೂಗಿದರು. ಆ ಮಾತಿಗೆ ಹುಡುಗನಿಗೆ ನಗು ಉಕ್ಕಿತು. ನಗುವಿನ ಜೊತೆಗೇ ಮಿಕ್ಕದ್ದೂ ಬಂತು.

ಅವನು ಕಪ್ಪು ಹಿಡಿದು ಓಡಿಬಂದ ವೇಗಕ್ಕೆ ಬಾಗಿಲು ಗೋಡೆಗೆ ಬಡಿಯಿತು. ಕೂದಲು ಕೆದರಿತ್ತು, ಕಾಲರು ಮಡಿಚಿಕೊಂಡಿತ್ತು. ನಾಲ್ಕು ನಿಮಿಷದಮ್ಮ ಕನ್ನಡಕ ಏರಿಸಿ ನೋಡಿದರು. ಮೂವತ್ತಾರು. ಹಸಿರು ಚುಕ್ಕೆ. ಬೆಂಚಿಗೆ ಬೆಂಚೇ ಚಪ್ಪಾಳೆ ತಟ್ಟಿತು. "ಉಚ್ಚೆಗೆ ಚಪ್ಪಾಳೆ ಬಿದ್ದಿದ್ದು ನನ್ನ ಸರ್ವೀಸಲ್ಲೇ ಮೊದಲು" ಎನ್ನುತ್ತಾರೆ ಅವರು, ಕಣ್ಣಂಚು ಒರೆಸಿಕೊಂಡು.

ವಾರದೊಳಗೆ ಎರಡೂ ಕಪ್ಪಿನ ವರದಿ ಬಂತು. ಎರಡೂ ಶುದ್ಧ. ಮೇಲಧಿಕಾರಿಯಿಂದ ಅವರಿಗೊಂದು ಎಚ್ಚರಿಕೆಯ ಪತ್ರವೂ ಬಂತು. ಅದನ್ನು ಮಡಿಚಿ ಕಪಾಟಿನಲ್ಲಿಟ್ಟಿದ್ದಾರೆ.

ಈಗ ಮಧ್ಯಾಹ್ನ ಎರಡರ ಬಸ್ಸು ಆ ಹುಡುಗನದು. ಅವರು ಮನೆಗೆ ಹೋಗುವುದೂ ಅದರಲ್ಲೇ. ಇವತ್ತೂ ಹತ್ತುತ್ತಾರೆ. ಹುಡುಗನ ಕಿವಿ ಕೆಂಪಾಗುತ್ತದೆ, ತಲೆ ಆಡಿಸಿ ಗೇರ್ ಹಾಕುತ್ತಾನೆ. ಬಸ್ಸು ತಿರುವು ದಾಟುವಷ್ಟರಲ್ಲಿ ಪಕ್ಕದ ಸೀಟಿನ ಅಜ್ಜ ಗೊರಕೆ ಹೊಡೆಯುತ್ತಾನೆ. ಮುಂದೆ ತಾಯಿ, ಮಗು ಇಬ್ಬರದೂ ಕತ್ತು ಒಂದೇ ಕಡೆಗೆ ವಾಲಿದೆ.

ಅವರು ಎಲ್ಲರನ್ನೂ ಒಮ್ಮೆ ನೋಡಿ ಮೆಲ್ಲಗೆ ಹೇಳುತ್ತಾರೆ: "ನೋಡಿ, ಹೆಂಗೆ ನಿದ್ದೆ ಮಾಡ್ತಿದಾರೆ. ಓಡಿಸ್ತಿರೋನು ಯಾರು ಅಂತ ಒಬ್ರೂ ಕೇಳಲ್ಲ. ಕೇಳೋ ಹಾಗೆ ಆಗ್ಬಾರ್ದು, ನಂಗಷ್ಟೇ ಸಾಕು."