ಹಗ್ಗದ ಮಾಮನ ಬಲಗೈ ಗ್ಲೌಸು

ಮೊನ್ನೆ ಶಿವಮೊಗ್ಗದಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಮುಂದೆ ಪೈಪು ಕೊಳ್ಳಲು ನಿಂತಿದ್ದೆ. ಅಂಗಡಿಯವನು ಬೇರೆ ಯಾರಿಗೋ ತೋರಿಸಲು ರಬ್ಬರ್ ಗ್ಲೌಸಿನ ಹೊಸ ಕಟ್ಟು ಬಿಚ್ಚಿದ. ಆ ರಬ್ಬರು, ಒಳಗಿನ ಪೌಡರು... ವಾಸನೆ ಮೂಗಿಗೆ ಬಡಿದಿದ್ದೇ ತಡ, ಪೈಪೂ ಬೇಡ ಏನೂ ಬೇಡ ಅಂತ ಈಚೆ ಬಂದುಬಿಟ್ಟೆ.

ಹಗ್ಗದ ಮಾಮ ಅಂತಲೇ ನಾನು ಅವರನ್ನು ಕರೆಯುತ್ತಿದ್ದುದು. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಕ್ರೇನಿಗೆ ಹಗ್ಗ, ಸರಪಳಿ ಬಿಗಿದು ರಿಟೈರ್ ಆದವರು. ಹೊಳೆಹೊನ್ನೂರು ರಸ್ತೆಯ ಬಯಲಲ್ಲಿ ನಮ್ಮಿಬ್ಬರದೂ ಗಾಳಿ ಅಳೆಯುವ ಕೆಲಸ. ಮೇಲೆ ಎಷ್ಟು ಬಿಸಿ, ಎಷ್ಟು ತೇವ, ಎಷ್ಟು ಹೊಗೆ ಅಂತ ನೋಡಬೇಕು. ಡ್ರೋನು ನನ್ನ ಪಾಲಿಗೆ. ಅದರ ಬ್ಯಾಟರಿ ಅರ್ಧ ಗಂಟೆಯೂ ಬರುತ್ತಿರಲಿಲ್ಲ. ಹಾಗಾಗಿ ದೊಡ್ಡ ಬಲೂನಿಗೆ ಯಂತ್ರ ತೂಗುಹಾಕಿ, ಹಗ್ಗ ಕಟ್ಟಿ, ಗಂಟೆಗಟ್ಟಲೆ ಮೇಲೆ ನಿಲ್ಲಿಸುತ್ತಿದ್ದೆವು. ಹಗ್ಗ ಸುತ್ತುವ ರಾಟೆ ಮಾಮನ ಪಾಲಿಗೆ.

ಮಾಮನಿಗೆ ಒಂದು ಚಾಳಿ. ಹಗ್ಗಕ್ಕೆ ಬರಿ ಅಂಗೈ ಒತ್ತಿ ಕಣ್ಣು ಮುಚ್ಚಿ ನಿಲ್ಲುವುದು. ಮೇಲೆ ಗಾಳಿ ದಿಕ್ಕು ಬದಲಿಸಿದರೆ ನನ್ನ ಸ್ಕ್ರೀನಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು, ನನಗೋ ಹೊಟ್ಟೆ ಉರಿ! ಆದರೆ ಮೋಡದ ದಿನ ಹಗ್ಗದಲ್ಲಿ ಕರೆಂಟು ಇಳಿಯಬಹುದು, ಗ್ಲೌಸ್ ಇಲ್ಲದೆ ಮುಟ್ಟಬಾರದು ಅನ್ನುವುದು ನಿಯಮ. ಬೆನ್ನು ಹತ್ತಿ ಜಗಳವಾಡಿ ಹಾಕಿಸಿದೆ.

"ಕಿವಿಗೆ ಹತ್ತಿ ತುರುಕಿದ ಹಾಗಾಯ್ತಲ್ಲೇ ಮಾರಾಯ್ತಿ," ಅಂತ ಗೊಣಗಿದರು. ಹಾಕಿಕೊಂಡರು ಮಾತ್ರ. ಊಟದ ಡಬ್ಬಿ ತಂದ ಅವರ ಹೆಂಡತಿ, ನಾನು ಅತ್ತೆ ಅನ್ನುತ್ತಿದ್ದೆ, "ನನ್ ಮಾತಂತೂ ಕೇಳಲ್ಲ, ನೀನಾದ್ರೂ ಹೇಳ್ತೀಯಲ್ಲ," ಅಂತ ನನ್ನ ಕೈ ಹಿಡಿದುಕೊಂಡಿದ್ದರು.

ಆ ಮಧ್ಯಾಹ್ನ...

ಮೇ ತಿಂಗಳು. ಬೆಳಿಗ್ಗೆ ನಾಲ್ಕು ಹನಿ ಬಿದ್ದು ಹಗ್ಗ ನೆನೆದಿತ್ತು. ಊಟದ ಹೊತ್ತಿಗೆ ಗಾಳಿ ಬಿದ್ದುಹೋಯಿತು. ಬಯಲ ಮೇಲೆ ದಿನಾ ಸುತ್ತುವ ಹದ್ದುಗಳಲ್ಲಿ ಒಂದೂ ಕಾಣಲಿಲ್ಲ. ಪಶ್ಚಿಮಕ್ಕೆ ಮೋಡ ಕಪ್ಪಾಗಿ ಕೂತಿತ್ತು, ಗುಡುಗು ಮಾತ್ರ ಇಲ್ಲ. ಮಳೆಗೆ ಮುಂಚಿನ ಈ ನಿಂತ ಗಾಳಿಯನ್ನು ಅಳೆಯಲೆಂದೇ ನಾನು ವಾರದಿಂದ ಕಾದಿದ್ದೆ.

"ಬಲೂನು ಇಳಿಸೋಣ ಮಾರಾಯ್ತಿ. ಹಗ್ಗ ಜುಂ ಅಂತಿದೆ," ಅಂದರು ಮಾಮ.

ಆಗಷ್ಟೇ ಡ್ರೋನು ಹಾರಿಸಿ ನೋಡಿದ್ದೆ, ಹಗ್ಗ ಜುಂ ಅನ್ನಲು ಮೇಲೂ ಗಾಳಿ ಇರಲಿಲ್ಲ. ಇನ್ನು ಹತ್ತು ನಿಮಿಷ ಸಿಕ್ಕರೆ ಸಾಕಿತ್ತು ನನಗೆ. "ಸುಮ್ನೆ ಹೆದರಿಸ್ಬೇಡಿ ಮಾಮ," ಅಂತ ನಕ್ಕೆ. "ಗ್ಲೌಸ್ ಹಾಕಿದ್ರೆ ಕಿವುಡು ಅಂತೀರ. ಮತ್ತೆ ಈಗ ಹಗ್ಗ ಮಾತಾಡಿದ್ದು ಹೆಂಗೆ ಕೇಳಿಸ್ತು?"

ಮಾಮ ನನ್ನನ್ನೇ ನೋಡಿದರು. ಮೂವತ್ತು ವರ್ಷದ ಕಸುಬನ್ನು ನಿನ್ನೆ ಮೊನ್ನೆ ಬಂದವಳು ಆಡಿಕೊಂಡರೆ ಯಾರು ಸುಮ್ಮನಿರುತ್ತಾರೆ? ಬಲಗೈ ಗ್ಲೌಸಿನ ತುದಿ ಹಲ್ಲಲ್ಲಿ ಕಚ್ಚಿ ಎಳೆದರು. ನಾನು ನೋಡಿದೆ. ಬೇಡ ಅನ್ನಲು ಹೊತ್ತಿತ್ತು. ಅನ್ನಲಿಲ್ಲ, ಸ್ಕ್ರೀನಿನ ಕಡೆ ತಿರುಗಿಕೊಂಡೆ.

ಸಿಡಿಲು ನಮ್ಮ ಮೇಲೆ ಬೀಳಲಿಲ್ಲ. ದೂರದಲ್ಲೆಲ್ಲೋ ಫಳ್ಳನೆ ಮಿಂಚಿತು, ಅಷ್ಟೇ. ತಿರುಗಿ ನೋಡಿದರೆ ಮಾಮ ರಾಟೆಗೆ ಒರಗಿ ಕೂತಿದ್ದರು, ಬರಿ ಬಲಗೈ ನೆನೆದ ಹಗ್ಗದ ಮೇಲೆ, ಗ್ಲೌಸು ಇನ್ನೂ ಹಲ್ಲಲ್ಲೇ... ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗ್ಲೌಸ್ ಇದ್ದಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ಡಾಕ್ಟರಿಗೂ ಹೇಳಲಾಗಲಿಲ್ಲ.

ಮೊನ್ನೆ ಅಂಗಡಿಯಿಂದ ಈಚೆ ಬಂದವಳು ನೇರ ಭದ್ರಾವತಿ ಬಸ್ಸು ಹತ್ತಿದೆ. ಇವತ್ತು ಅತ್ತೆಗೆ ಹೇಳಿಯೇ ಬಿಡಬೇಕು ಅಂತ ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡೆ. ಅತ್ತೆಗೆ ಕಣ್ಣು ಮಂಜಾಗಿದೆ. ತಡವರಿಸುತ್ತಲೇ ಕಾಫಿ ಮಾಡಿಕೊಟ್ಟು, ಗೋಡೆಯ ಫೋಟೋದ ಕಡೆ ಮುಖ ತಿರುಗಿಸಿದರು.

"ಮೊಂಡು ಮನುಷ್ಯ. ನೀನು ಬೇಡ ಬೇಡ ಅಂದ್ರೂ ಗ್ಲೌಸ್ ತೆಗೆದ್ರಲ್ಲೇ," ಅಂದರು.

ಆ ದಿನ ಆಸ್ಪತ್ರೆಯಲ್ಲಿ ಅಳುತ್ತಾ ಅವರಿಗೆ ಹಾಗೆ ಹೇಳಿದವಳು ನಾನೇ.

"ಹೌದು ಅತ್ತೆ," ಅಂದೆ. "ಎಷ್ಟು ಹೇಳಿದ್ರೂ ಕೇಳ್ಲಿಲ್ಲ."