ಹುಲ್ಲಿನ ರನ್‌ವೇ ಆರಿಸಿದ್ದು ನಾನು

ಇವತ್ತು ಶನಿವಾರ. ಸ್ಯಾನ್ ರಮೋನಿನ ನಮ್ಮ ಮನೆಯ ಪಕ್ಕದಲ್ಲಿ ಯಾರೋ ಬೆಳಗ್ಗೆಯೇ ಹುಲ್ಲು ಕತ್ತರಿಸುವ ಯಂತ್ರ ಓಡಿಸಿದರು. ಕಾಫಿ ಲೋಟ ಹಿಡಿದು ಅಡುಗೆಮನೆಯ ಕಿಟಕಿ ತೆರೆದೆ. ಹಸಿ ಹುಲ್ಲಿನ ವಾಸನೆ, ಅದರೊಳಗೆ ತೆಳ್ಳಗೆ ಪೆಟ್ರೋಲಿನ ವಾಸನೆ, ಎರಡೂ ಒಟ್ಟಿಗೆ ಒಳಗೆ ಬಂದವು. ಕಿಟಕಿ ಮುಚ್ಚಿ ಕುರ್ಚಿಯ ಮೇಲೆ ಕೂತೆ. ನಿಮಗೆ ನಗು ಬರಬಹುದು. ಹುಲ್ಲಿಗೆ ಹೆದರುವ ಗಂಡಸನ್ನು ನಾನೂ ಬೇರೆಲ್ಲೂ ಕಂಡಿಲ್ಲ.

ಈ ಹೆದರಿಕೆಗೆ ನಾಲ್ಕು ವರ್ಷ. ಆದರೆ ಇವತ್ತು ಅದು ಕಾಡಿದ್ದಕ್ಕೆ ಬೇರೆ ಕಾರಣವಿದೆ. ಹೋದ ವಾರ ಇಂಡಿಯನ್ ಗ್ರೋಸರಿಯಲ್ಲಿ ಗುರಣ್ಣ ಸಿಕ್ಕಿದ್ದರು. ಬದನೆಕಾಯಿ ಆರಿಸುತ್ತಾ, ನನ್ನ ಮುಖ ನೋಡದೆ ಹೇಳಿದರು: "ಪೈಲಟ್ ಲೈಸೆನ್ಸಿಂದು ಮೆಡಿಕಲ್ ಸರ್ಟಿಫಿಕೇಟು ಈ ತಿಂಗಳಿಗೆ ಮುಗೀತೈತಿ. ಮತ್ತ ಡಾಕ್ಟರ ಕಡೆ ಹೋಗಿ ಮಾಡಸೂದಿಲ್ಲ. ಸಾಕು." ನಾನು "ಅಯ್ಯೋ, ಯಾಕೆ?" ಎಂದೆ. ಯಾಕೆ ಎಂದು ನನಗೆ ಗೊತ್ತಿತ್ತು. ಅವರಿಗೆ ಗೊತ್ತಿಲ್ಲದ್ದೂ ನನಗೆ ಗೊತ್ತಿತ್ತು, ಅಥವಾ ಹಾಗೆಂದು ನಾನು ನಂಬಿದ್ದೆ.

ಗುರಣ್ಣ ಎಂದರೆ ಗುರುನಾಥ್, ಹುಬ್ಬಳ್ಳಿಯವರು, ನನಗಿಂತ ಹನ್ನೊಂದು ವರ್ಷ ದೊಡ್ಡವರು. ನಮ್ಮ ಪಕ್ಕದ ಊರು ಡಬ್ಲಿನ್ನಿನಲ್ಲಿ ಮನೆ. ಐವತ್ತು ದಾಟಿದ ಮೇಲೆ ವಿಮಾನ ಹಾರಿಸುವುದನ್ನು ಕಲಿತರು. ನಮ್ಮವರು ಆ ವಯಸ್ಸಿನಲ್ಲಿ ಯೋಗ ಕಲಿಯುತ್ತಾರೆ, ಇಲ್ಲವೇ ಹೊಸ ಮನೆ ಕೊಳ್ಳುತ್ತಾರೆ. ಇವರು ಭಾನುವಾರಗಳಂದು ನಾಲ್ಕು ಸೀಟಿನ ಬಾಡಿಗೆ ವಿಮಾನದಲ್ಲಿ ಕಡಲ ದಂಡೆಯವರೆಗೆ ಹೋಗಿ ಬರುತ್ತಿದ್ದರು. ಹತ್ತುವ ಮೊದಲು ರೆಕ್ಕೆಯ ಅಂಚನ್ನು ಅಂಗೈಯಿಂದ ಸವರುತ್ತಾ ಸುತ್ತು ಬರುವುದನ್ನು ನೋಡಿದರೆ, ಕೊಟ್ಟಿಗೆಯಲ್ಲಿ ದನದ ಮೈ ತಡವುವವರ ನೆನಪಾಗುತ್ತಿತ್ತು. ಅವರಷ್ಟು ಎಚ್ಚರದ ಮನುಷ್ಯ ನನ್ನ ಪರಿಚಯದಲ್ಲಿ ಇನ್ನೊಬ್ಬರಿಲ್ಲ. ಫ್ರೀವೇಯಲ್ಲೂ ನಿಧಾನ ಹೋಗುವವರ ಬಲಗಡೆಯ ಲೇನು ಬಿಟ್ಟವರಲ್ಲ.

ನಾಲ್ಕು ವರ್ಷದ ಹಿಂದೆ ಆಫೀಸಿನ ಕೆಲಸಕ್ಕೆ ಅವರು ಎರಡು ತಿಂಗಳು ಪ್ಯಾರಿಸ್ಸಿಗೆ ಹೋಗುವುದಿತ್ತು. ಅಲ್ಲಿ ಹಾರಿಸಲು ಬೇಕಾದ ಕಾಗದಪತ್ರವನ್ನೆಲ್ಲ ತಿಂಗಳುಗಟ್ಟಲೆ ಓಡಾಡಿ ಮಾಡಿಸಿಕೊಂಡಿದ್ದರು. "ನೀವಿಬ್ಬರೂ ರಜಾ ಹಾಕಿ ಬರ್ರಿ. ಒಂದು ಶನಿವಾರ, ಭಾನುವಾರ ನಾ ಹಾರಿಸಿಕೊಂಡು ಒಯ್ಯತೀನಿ," ಎಂದರು. ನಾನೂ ನನ್ನ ಹೆಂಡತಿ ಸುಧಾಳೂ ಒಪ್ಪಿದೆವು. ಅವರ ಹೆಂಡತಿ ಸುಮಕ್ಕನಿಗೆ ರಜೆ ಸಿಗಲಿಲ್ಲ.

ಎಲ್ಲಿಗೆ ಹೋಗುವುದು? ಅದನ್ನು ತೀರ್ಮಾನಿಸಲು ಐದು ವಾರ ಹಿಡಿಯಿತು. ಪ್ರತಿ ಭಾನುವಾರ ಸಂಜೆ ಅವರ ಊಟದ ಮೇಜಿನ ಮೇಲೆ ಫ್ರಾನ್ಸಿನ ವಿಮಾನಯಾನದ ನಕ್ಷೆ ಹರಡಿಕೊಳ್ಳುತ್ತಿತ್ತು. ಮೂಲೆ ಏಳದಂತೆ ಉಪ್ಪಿನಕಾಯಿ ಭರಣಿ ಇಡುತ್ತಿದ್ದೆವು. ಗುರಣ್ಣನ ಮನಸ್ಸು ಉತ್ತರದ ಕಡಲತೀರದ ಒಂದು ಊರಿನ ಮೇಲಿತ್ತು. ಅಲ್ಲಿ ಉದ್ದವಾದ ಡಾಂಬರು ರನ್‌ವೇ. ಇಳಿದರೆ ಸಮುದ್ರ ನಡಿಗೆಯ ದೂರ. ಸುಧಾಳಿಗೆ ಬೆಟ್ಟದ ಸರೋವರ ಬೇಕಿತ್ತು. ನಾನು ಇಂಟರ್ನೆಟ್ಟಿನಲ್ಲಿ ಒಂದು ಫೋಟೋ ನೋಡಿದ್ದೆ: ದ್ರಾಕ್ಷಿ ತೋಟಗಳ ನಡುವೆ ಒಂದು ಹುಲ್ಲಿನ ಪಟ್ಟಿ, ಅದರ ಬದಿಗೇ ಕಲ್ಲಿನ ವಸತಿಮನೆ. ವಿಮಾನ ನಿಲ್ಲಿಸಿ ಬ್ಯಾಗು ಹಿಡಿದು ನೂರು ಹೆಜ್ಜೆ ನಡೆದರೆ ಕೋಣೆ.

"ಹುಲ್ಲು," ಎಂದರು ಗುರಣ್ಣ, "ಹುಲ್ಲು ಗಾಲಿ ಹಿಡೀತೈತ್ರಿ. ಉದ್ದನೂ ಕಡಿಮಿ."

"ಡಾಂಬರು ನೋಡೋಕೆ ಫ್ರಾನ್ಸಿಗೆ ಹೋಗಬೇಕಾ ಗುರಣ್ಣ? ನಮ್ಮ ಸಿಕ್ಸ್ ಏಟಿ ಫ್ರೀವೇ ಇಲ್ವಾ?" ಎಂದೆ ನಾನು. ಎಲ್ಲರೂ ನಕ್ಕರು. ಆ ನಗುವಿನಲ್ಲೇ ಊರು ತೀರ್ಮಾನವಾಯಿತು. ಒಂದು ತಮಾಷೆಯಿಂದ ಎಷ್ಟು ಕೆಲಸ ಆಗುತ್ತದೆ ನೋಡಿ. ಗುರಣ್ಣ ಲೆಕ್ಕ ಹಾಕಿ, ಇಷ್ಟು ತೂಕದೊಳಗಿದ್ದರೆ ಏಳಬಹುದು, ಸ್ವಲ್ಪ ರನ್‌ವೇ ಮಿಗುತ್ತದೆ ಕೂಡ ಎಂದರು.

ಚಿಕ್ಕ ವಿಮಾನಕ್ಕೆ ತೂಕವೇ ಮುಖ್ಯ. ಕೂರುವವರ ತೂಕ, ಸಾಮಾನಿನ ತೂಕ, ಪೆಟ್ರೋಲಿನ ತೂಕ, ಎಲ್ಲ ಒಂದು ಹಾಳೆಯಲ್ಲಿ ಬರೆಯಬೇಕು. ಅವರು ಫೋನಿನಲ್ಲಿ ನನ್ನ ತೂಕ ಕೇಳಿದರು. ಎಪ್ಪತ್ತೆಂಟು ಎಂದೆ. ಮದುವೆಯ ಹೊತ್ತಿಗೆ ಎಪ್ಪತ್ತೆಂಟೇ ಇದ್ದೆ. ಅವರು ಕೇಳುವ ಹೊತ್ತಿಗೆ ಎಂಬತ್ತೈದಾಗಿತ್ತು. "ಮತ್ತ... ತಂಗೀದು?" ಎಂದು ದನಿ ತಗ್ಗಿಸಿ ಕೇಳಿದರು, ಆಸ್ಪತ್ರೆಯಲ್ಲಿ ಕೇಳುವ ಹಾಗೆ. ಸುಧಾ ಪಕ್ಕದಲ್ಲೇ ಇದ್ದಳು. ಅವಳನ್ನು ಕೇಳದೆ ನಾನೇ ಐವತ್ತೆಂಟು ಎಂದುಬಿಟ್ಟೆ. ಅವಳು ನನ್ನನ್ನು ನೋಡಿದಳು, ತಿದ್ದಲಿಲ್ಲ. ನಿಜ ಅದಕ್ಕಿಂತ ಆರು ಕಿಲೋ ಮೇಲಿತ್ತು.

ಇನ್ನು ರೊಟ್ಟಿ. ನಾವು ಇಲ್ಲಿಂದ ಪ್ಯಾರಿಸ್ಸಿಗೆ ಹೊರಡುವ ಹಿಂದಿನ ದಿನ ಸುಮಕ್ಕ ಒಂದು ಚೀಲ ಕೊಟ್ಟರು: ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಉಂಡಿ. "ಇವರಿಗೆ ಹೇಳಬ್ಯಾಡ್ರಿ. ಭಾರ ಅಂತ ತಗಸ್ತಾರ. ಅಲ್ಲಿ ಹಳ್ಳ್ಯಾಗ ನಿಮಗ ಏನ ಸಿಗತೈತಿ?" ಪ್ಯಾರಿಸ್ಸಿನಲ್ಲಿ ಸುಧಾ ಆ ಚೀಲವನ್ನು ಹಾಗೇ ವಾರಾಂತ್ಯದ ಬ್ಯಾಗಿನೊಳಗೆ, ಬಟ್ಟೆಯ ಅಡಿಯಲ್ಲಿ ಇಟ್ಟಳು. ಗುರಣ್ಣ ಬ್ಯಾಗಿಗೆ ಕೈ ಚಾಚಿದಾಗ ನಾನೇ ಮುಂದಾಗಿ ಎತ್ತಿಟ್ಟೆ. ಒಂದೇ ಕೈಯಲ್ಲಿ ಎತ್ತಿದೆ, ಹಗುರ ಎಂದು ತೋರಲಿ ಅಂತ. "ಬರೀ ಬಟ್ಟೆ, ಎಂಟು ಕಿಲೋ ಇರಬಹುದು," ಎಂದೆ.

ಹೋಗುವಾಗ ಏನೂ ಆಗಲಿಲ್ಲ. ಗುರಣ್ಣ ವಿಮಾನ ಬಾಡಿಗೆ ಪಡೆದ ಪ್ಯಾರಿಸ್ಸಿನ ಕ್ಲಬ್ಬಿನ ರನ್‌ವೇ ಉದ್ದವಿತ್ತು, ಬೆಳಗಿನ ಗಾಳಿ ತಣ್ಣಗಿತ್ತು. ವಸತಿಮನೆಯ ಯಜಮಾನಿ ಆಲೂಗಡ್ಡೆ, ಚೀಸು, ಸೂಪು ಎಂದು ತಿನ್ನಿಸಿದ್ದೇ ತಿನ್ನಿಸಿದ್ದು. ಚೀಲ ಬಿಚ್ಚುವ ಪ್ರಸಂಗವೇ ಬರಲಿಲ್ಲ. ಭಾನುವಾರ ಮಧ್ಯಾಹ್ನ ಹೊರಡುವಾಗ ಬಿಸಿಲು ಏರಿತ್ತು; ಬಿಸಿ ಗಾಳಿಯಲ್ಲಿ ವಿಮಾನ ಏಳುವುದು ತಡ. ಗುರಣ್ಣ ಹುಲ್ಲಿನ ಮೇಲೆ ಆ ತುದಿಯಿಂದ ಈ ತುದಿಯವರೆಗೆ ನಡೆದು ನೋಡಿ ಬಂದರು. "ಸಾಮಾನು ಹೆಚ್ಚಾಗಿಲ್ಲಲಾ?" ಎಂದರು.

"ಇಲ್ಲ. ಬರುವಾಗ ಇದ್ದಷ್ಟೇ."

ಅದು ನಿಜವಾದ ಮಾತು.

ಮುಂದೆ ನಡೆದದ್ದನ್ನು ಹೆಚ್ಚೂ ಮಾಡದೆ ಕಡಿಮೆಯೂ ಮಾಡದೆ ಹೇಳುತ್ತೇನೆ. ವಿಮಾನ ಓಡಿತು. ಗಾಲಿ ನೆಲ ಬಿಟ್ಟಿತು, ಮತ್ತೆ ನೆಲ ತಾಗಿತು. ರನ್‌ವೇ ಮುಗಿಯುವ ಕಡೆ ತಂತಿಬೇಲಿ, ಅದರಾಚೆ ಒಂದು ಸಾಲು ಮರ. ಗಾಲಿ ಮತ್ತೆ ಮೇಲೆದ್ದಿತು. ವೇಗ ಸಾಲದು ಎಂದು ಎಚ್ಚರಿಸುವ ಪೀಪಿ ಸಣ್ಣಗೆ ಅಳತೊಡಗಿತು. ನಾನು ಮುಂದಿನ ಸೀಟಿನಲ್ಲಿದ್ದೆ. ಎಂಜಿನ್ನಿಗೆ ಬಲ ಕೊಡುವ ಗುಂಡಿಯ ಮೇಲೆ ಗುರಣ್ಣನ ಕೈಯಿತ್ತು. ಗುಂಡಿ ಆಗಲೇ ಪೂರ್ತಿ ಒಳಗೆ ಹೋಗಿತ್ತು. ಆದರೂ ಅವರು ಒತ್ತುತ್ತಲೇ ಇದ್ದರು. ಮರಗಳ ಎಲೆಗಳು ಒಂದೊಂದೇ ಬಿಡಿಯಾಗಿ ಕಂಡವು. ಆಮೇಲೆ ಅವು ಕೆಳಗಿದ್ದವು.

ಪ್ಯಾರಿಸ್ಸಿನಲ್ಲಿ ಇಳಿದ ಮೇಲೆ ಗುರಣ್ಣ ಲೆಕ್ಕದ ಹಾಳೆಯನ್ನು ರೆಕ್ಕೆಯ ಮೇಲಿಟ್ಟು ಬಹಳ ಹೊತ್ತು ನೋಡಿದರು. "ಎಲ್ಲೋ ತಪ್ಪೀನಿ," ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅಲ್ಲಿಂದ ಬಂದ ಮೇಲೆ ಅವರು ಒಮ್ಮೆಯೂ ಹಾರಿಸಲಿಲ್ಲ.

ನಾಲ್ಕು ವರ್ಷದಲ್ಲಿ ಹೇಳಲು ಸಂದರ್ಭ ಎಷ್ಟೋ ಬಂದವು. ಹಬ್ಬ, ಹುಟ್ಟುಹಬ್ಬ, ಕನ್ನಡ ಕೂಟದ ಊಟ. ಪ್ರತಿ ಸಲವೂ, ಇವತ್ತು ಬೇಡ, ಜನ ಇದ್ದಾರೆ ಅನ್ನಿಸುತ್ತಿತ್ತು. ಬಚ್ಚಿಡುವುದಕ್ಕೂ ದಣಿವಾಗುತ್ತದೆ. ಇವತ್ತು ಕಿಟಕಿ ಮುಚ್ಚಿ ಕೂತಾಗ ಆ ದಣಿವು ಹೆದರಿಕೆಗಿಂತ ದೊಡ್ಡದು ಎನ್ನಿಸಿತು. ಕಾರು ತೆಗೆದೆ.

ಗುರಣ್ಣ ಗ್ಯಾರೇಜಿನಲ್ಲಿ ಹಳೇ ಪೆಟ್ಟಿಗೆಗಳ ನಡುವೆ ಕೂತಿದ್ದರು. ನಿಂತೇ ಹೇಳಿದೆ. ನನ್ನದು ಏಳು, ಸುಧಾಳದು ಆರು, ರೊಟ್ಟಿಯ ಚೀಲ ಎಷ್ಟೋ ತಿಳಿಯದು. ಊರು ಆರಿಸಿದ್ದೂ ನಾನೇ.

"ಚೀಲ ಒಂಬತ್ತು," ಎಂದರು ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಸುಮಕ್ಕ. "ನಾ ತೂಗೇ ಕಟ್ಟಿದ್ದೆ, ಏರ್‌ಲೈನಿನವರ ಸಲುವಾಗಿ."

ಇಪ್ಪತ್ತೆರಡು ಕಿಲೋ. ಗುರಣ್ಣ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ರೊಟ್ಟಿ ಗೊತ್ತಿರಲಿಲ್ಲ," ಎಂದರು. "ನಿಮ್ಮ ಎಪ್ಪತ್ತೆಂಟು ಸುಳ್ಳಂತ ಆವಾಗ ಗೊತ್ತಿತ್ತು. ನನಗ ಕಣ್ಣಿಲ್ಲೇನ್ರೀ? ತಂಗೀದೂ ಗೊತ್ತಿತ್ತು. ಕ್ಲಬ್ಬಿನ್ಯಾಗ ತೂಕದ ಮಷೀನು ಬಾಗಿಲ ಹತ್ರನ ಇತ್ತು. 'ತಂಗಿ, ಒಂದ್ ಸಲ ನಿಂದ್ರವಾ' ಅನ್ನಾಕ ನನ್ನ ಬಾಯಿ ಬರಲಿಲ್ಲ. ಕೇಳಾಕ ನಾಚಿಕಿ ಪಡಾಂವ ಮಂದೀನ ಮ್ಯಾಲೆ ಒಯ್ಯಬಾರದು. ಅದಕ್ಕ ಹಾರಸೂದು ಬಿಟ್ಟೀನಿ, ಲೆಕ್ಕ ತಪ್ಪಿದ್ದಕ್ಕಲ್ಲ."

ನಾನು ಪೆಟ್ಟಿಗೆಯ ಮೇಲೆ ಕೂತೆ. ನಾಲ್ಕು ವರ್ಷ ಹೊತ್ತದ್ದನ್ನು ಇಳಿಸಲು ಬಂದಿದ್ದೆ; ಇಳಿಸುವಷ್ಟರಲ್ಲಿ ಅದರ ಅರ್ಧ ಇವರ ತಲೆಯ ಮೇಲೂ ಇತ್ತೆಂದು ತಿಳಿಯಿತು.

"ಹಾಗಾದ್ರೆ ಮೆಡಿಕಲ್ ಮಾಡಿಸೋಕೆ ಡಾಕ್ಟರ ಹತ್ತಿರ ಹೋಗ್ತೀರಾ, ಇಲ್ವಾ?" ಎಂದು ಕೇಳಿದೆ.

ಅವರು ಚಹಾ ಕುಡಿದು ಮುಗಿಸಿದರು. "ಮೊದಲ ಇದು ನನ್ನಿಂದ ಆಗತೈತೇನು ನೋಡೂಣು. ತಂಗೀಗೆ ಫೋನ್ ಹಚ್ಚರಿ."

ಹಚ್ಚಿ ಸ್ಪೀಕರಿಗೆ ಹಾಕಿದೆ. ಆ ಕಡೆ ಪಾತ್ರೆ ತೊಳೆಯುವ ಸದ್ದು. ಗುರಣ್ಣ ಎರಡು ಸಲ ಗಂಟಲು ಸರಿಮಾಡಿಕೊಂಡರು.

"ತಂಗಿ, ತಪ್ಪು ತಿಳಕೋಬ್ಯಾಡ. ನಿನ್ನ ತೂಕ ಎಷ್ಟವಾ?"

ನೀರು ನಿಂತಿತು. ಆಮೇಲೆ ಅವಳು ಹೇಳಿದಳು, ಒಂದು ಕಿಲೋ ಕೂಡ ಇಳಿಸದೆ ಪೂರ್ತಿ ಹೇಳಿದಳು. ಗುರಣ್ಣ ಆ ಸಂಖ್ಯೆಯನ್ನು ಒಮ್ಮೆ ತಿರುಗಿ ಹೇಳಿ ಖಚಿತಮಾಡಿಕೊಂಡರು.

"ಯಾಕೆ ಗುರಣ್ಣ," ಎಂದಳು ಸುಧಾ, "ಎಲ್ಲಿಗಾದ್ರೂ ಹೋಗ್ತಿದೀವಾ?"

"ಇನ್ನೂ ಗೊತ್ತಿಲ್ಲವಾ," ಎಂದರು ಅವರು. "ಆವಾಗ ಕೇಳಿರಲಿಲ್ಲ. ಅದಕ್ಕ ಈಗ ಕೇಳಿದೆ."