ಅಪೊಸ್ತಲನ ಎಡಗಣ್ಣು

ಒಮಾನಿನ ವಾದಿ ಕಬೀರ್ ಎಂಬ ಪೇಟೆಯ ನಮ್ಮ ವರ್ಕ್‌ಶಾಪಿನಲ್ಲಿ ನೀರಿನ ಟ್ಯಾಂಕು, ಮೀನುಗಾರರ ದೋಣಿ, ಕಾವಲುಗಾರರ ಗೂಡು, ಇಷ್ಟನ್ನೇ ಮಾಡುವುದು. ಎಲ್ಲವೂ ಫೈಬರಿನವು. ನಾನು ಸೂಪರ್‌ವೈಸರ್; ಬೆಳಿಗ್ಗೆ ಏಳಕ್ಕೆ ಶಟರ್ ಎತ್ತುವವನೂ ನಾನೇ, ಸಂಜೆ ಆರಕ್ಕೆ ಬೀಗ ಹಾಕುವವನೂ ನಾನೇ. ಉಡುಪಿ ಕಡೆಯ ಪಾದ್ರಿಗಳ ಹಾಸ್ಟೆಲ್ಲಿನಲ್ಲಿ ಬೆಳೆದವನು. ಅಲ್ಲಿ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು. ಉಣ್ಣುವಾಗ ಮಾತಿಲ್ಲ; ಸರದಿಯ ಮೇಲೆ ಒಬ್ಬರು ನಿಂತು ಸಂತರ ಚರಿತ್ರೆ ಗಟ್ಟಿಯಾಗಿ ಓದಬೇಕು. ನಮ್ಮದು ಭೂತಕ್ಕೆ ಕೈಮುಗಿಯುವ ಮನೆ. ಆದರೂ ಗಂಜಿಯ ಜೊತೆ ನನ್ನ ಹೊಟ್ಟೆಗೆ ಇಳಿದ ಸಂತರು ಒಬ್ಬಿಬ್ಬರಲ್ಲ.

ಹಾಗಾಗಿ ಕಳೆದ ವರ್ಷ ಒಂದು ಚರ್ಚಿನವರು ಆಳೆತ್ತರದ ಪ್ರತಿಮೆ ಬೇಕೆಂದು ಬಂದಾಗ, ಅವರ ಕೈಯಲ್ಲಿದ್ದ ಚಿತ್ರ ನೋಡಿಯೇ ಯಾರೆಂದು ಹೇಳಿದೆ. ಚಿತ್ರದ ಮನುಷ್ಯ ಬಡಗಿಯ ಮೂಲೆಮಟ್ಟ ಹಿಡಿದಿದ್ದ. ಕ್ರಿಸ್ತನ ಹನ್ನೆರಡು ಶಿಷ್ಯರಲ್ಲಿ ಹಡಗು ಹತ್ತಿ ಮಲಬಾರಿಗೆ ಬಂದವನು. ನಮ್ಮ ಅರಬಾಬ್, ಅಂದರೆ ಒಮಾನಿ ಮಾಲೀಕರು, ಹೆಚ್ಚು ವಿಚಾರಿಸಲಿಲ್ಲ. "ಹಿಂದಿನ ಕೋಣೆಯಲ್ಲಿ ಮಾಡಿಕೊಡಿ. ಖಲಾಸ್," ಎಂದರು.

ಮಾಡಬಲ್ಲವನು ಒಬ್ಬನೇ, ನಮ್ಮ ಪೇಂಟರ್. ಕುಮಟಾ ಕಡೆಯ ಗುಡಿಗಾರ. ಊರಲ್ಲಿ ಅವನ ಮನೆಯವರು ತಲೆಮಾರುಗಳಿಂದ ಗಣಪತಿ ಮಾಡುವವರು. ಇಲ್ಲಿ ಇಪ್ಪತ್ತು ವರ್ಷದಿಂದ ಟ್ಯಾಂಕಿಗೆ ಬಣ್ಣ ಹೊಡೆಯುತ್ತಿದ್ದ.

"ಇವ್ರು ಎಂಥ ಜನ ಸಾಹೇಬ್ರೆ?" ಎಂದು ಕೇಳಿದ. "ಸ್ವಭಾವ ಗೊತ್ತಾಗ್ದೆ ಮುಖ ಬರೂದಿಲ್ಲ."

ಹತ್ತು ಗಂಟೆಯ ಚಹಾಕ್ಕೆ ನಮ್ಮಲ್ಲಿ ಹದಿನೈದು ನಿಮಿಷ. ದಿನವೂ ಆ ಹದಿನೈದು ನಿಮಿಷ ನಾನು ಚರಿತ್ರೆ ಹೇಳಿದೆ. ಸತ್ತ ಗುರು ಎದ್ದು ಬಂದ ಎಂದು ಉಳಿದವರೆಲ್ಲ ಹೇಳಿದರೂ, ಅವನ ಗಾಯದೊಳಗೆ ಬೆರಳಿಟ್ಟ ಹೊರತು ನಂಬುವುದಿಲ್ಲ ಎಂದವನು. ಪರದೇಶಕ್ಕೆ ಹೋಗು ಎಂದರೆ ಒಲ್ಲೆ ಎಂದು ಹಟ ಹಿಡಿದವನು. ಕೊನೆಗೆ ಗುರುವೇ ಅವನನ್ನು ಒಬ್ಬ ವ್ಯಾಪಾರಿಗೆ ಒಪ್ಪಿಸಿ, ಇವನು ಒಳ್ಳೆಯ ಬಡಗಿ, ಕರೆದುಕೊಂಡು ಹೋಗು ಎಂದನಂತೆ. ರಾಜ ಅರಮನೆ ಕಟ್ಟಲು ಕೊಟ್ಟ ಹೊನ್ನನ್ನು ಬಡವರಿಗೆ ಹಂಚಿ, ಅರಮನೆ ಸ್ವರ್ಗದಲ್ಲಿ ಎದ್ದಿದೆ ಎಂದು ಹೇಳಿ ಸೆರೆಮನೆ ಸೇರಿದವನು. ಕಡೆಗೆ ಈಟಿಯ ತಿವಿತಕ್ಕೆ ಸತ್ತವನು.

"ಅಂದ್ರೆ ವೀಸಾದ ಮೇಲೆ ಬಂದವ್ರು," ಎಂದ ಗುಡಿಗಾರ. "ನಮ್ಮ ಹಾಂಗೇ. ವೀಸಾ ಕೊಟ್ಟ ಕಫೀಲ್ ಮಾತ್ರ ಬೇರೆ."

ಆರು ವಾರದಲ್ಲಿ ಆಕಾರ ಬಂತು. ಬಲಗೈಯ ತೋರುಬೆರಳು ಮುಂದಕ್ಕೆ ಚಾಚಿತ್ತು. ಯಾರೋ ಅದಕ್ಕೆ ಧೂಳಿನ ಮಾಸ್ಕ್ ನೇತುಹಾಕಿ ನಕ್ಕರು. ಎರಡು ದಿನ ಕಳೆದು, ಮುಖ ಮುಗಿದ ಮೇಲೆ, ನಕ್ಕವರೇ ಅದನ್ನು ತೆಗೆದರು. ಮುಖವಿತ್ತು, ಕಣ್ಣಿರಲಿಲ್ಲ. ಗುಡಿಗಾರರಲ್ಲಿ ಕಣ್ಣು ಬರೆಯುವುದು ಕಟ್ಟಕಡೆಗೆ. ಅಲ್ಲಿಯವರೆಗೆ ಹುಬ್ಬಿನ ಕೆಳಗೆ ಎರಡು ಬಿಳಿಯ ಉಬ್ಬುಗಳು ಮಾತ್ರ. ರೆಸಿನ್ ಡ್ರಮ್ ತರಲು ಆ ಕೋಣೆಗೆ ಹೋದವರು ಬೇಗ ಬೇಗ ಹೊರಗೆ ಬರತೊಡಗಿದರು. "ಚಾಚಾ, ಇಸ್ ಪರ್ ಚಾದರ್ ಡಾಲ್ ದೋ," ಎಂದು ಪೇಶಾವರದ ಕೆಲಸಗಾರ ಬೇಡಿಕೊಂಡ. ಚಾದರ ಹೊದಿಸಿದೆ. ಅದು ಇನ್ನೂ ಕೆಟ್ಟದಾಯಿತು. ಬೆರಳೊಂದೇ ಹೊರಗೆ ಉಳಿಯಿತು. ನನಗೆ ಅಂಜಿಕೆ ಕಡಿಮೆ. ಆದರೂ ಸಂಜೆ ಆರಕ್ಕೆ ಆ ಕೋಣೆಯ ದೀಪ ಆರಿಸಿ ಅದಕ್ಕೆ ಬೆನ್ನು ಹಾಕಲು ನನ್ನಿಂದಾಗುತ್ತಿರಲಿಲ್ಲ. ಬಾಗಿಲವರೆಗೆ ಹಿಮ್ಮುಖವಾಗಿಯೇ ಬರುತ್ತಿದ್ದೆ.

"ಕಣ್ಣು ಬರೆಯೂದು ಶುಕ್ರವಾರ, ರಜೆಯ ದಿನ," ಎಂದ ಗುಡಿಗಾರ. "ಮೊದಲ ನೋಟ ಮನುಷ್ಯನ ಮೇಲೆ ಬೀಳೂಕಾಗ. ಅದ್ಕೇ ನಾ ಎದುರು ಕನ್ನಡಿ ಹಿಡೀತೆ. ನೀವೂ ನಾ ಕರೆದ ಮೇಲೇ ಬನ್ನಿ."

"ಕ್ರಿಸ್ತನ ಶಿಷ್ಯನಿಗೆ ಗಣಪತಿಯ ಶಾಸ್ತ್ರ ಎಂತಕ್ಕೆ ಮಾರಾಯ?"

"ಕಣ್ಣು ಕಣ್ಣೇ ಅಲ್ರಾ ಸಾಹೇಬ್ರೆ."

ಶುಕ್ರವಾರ ಮಧ್ಯಾಹ್ನ ವಾದಿ ಕಬೀರ್‌ನಲ್ಲಿ ಸುತ್ತಿಗೆಯ ಸದ್ದೂ ಇರುವುದಿಲ್ಲ. ಶಟರುಗಳೆಲ್ಲ ಇಳಿದಿದ್ದವು. ಮಸೀದಿಯ ಧ್ವನಿವರ್ಧಕ ನಿಂತ ಮೇಲೆ ನನ್ನ ಉಸಿರೇ ನನಗೆ ಕೇಳಿಸುತ್ತಿತ್ತು. ಮರುದಿನ ಬೆಳಿಗ್ಗೆ ಲಾರಿ ಬರುವುದಿತ್ತು. ಹನ್ನೆರಡೂವರೆಗೆ ತಪಾಸಣೆ ಎಂದು ನಾನು ಬರೆದಿಟ್ಟಿದ್ದೆ. ಹನ್ನೆರಡೂವರೆಯಾಯಿತು, ಅವನು ಕರೆಯಲಿಲ್ಲ. ನಾನು ಒಳಗೆ ಹೋದೆ.

ಅವನು ಪಕ್ಕಕ್ಕೆ ನಿಂತು ಕನ್ನಡಿಯನ್ನು ಪ್ರತಿಮೆಯ ಎದೆಯ ಮಟ್ಟಕ್ಕೆ ಹಿಡಿದಿದ್ದ. ಎರಡೂ ಕಣ್ಣು ಬಂದಿದ್ದವು. ಅವು ಕನ್ನಡಿಯ ಮೇಲಿಂದ ನನ್ನನ್ನು ನೋಡುತ್ತಿದ್ದವು. ಏನು ಹೇಳಿದರೂ ಒಪ್ಪದವನ ನೋಟ.

ಇಲ್ಲಿ ನಮ್ಮ ಕಸುಬಿನ ಒಂದು ರೂಢಿ ಹೇಳಬೇಕು. ಟ್ಯಾಂಕಿನ ಹೊರಲೇಪ ಒಣಗಿದೆಯೇ ಎಂದು ತಿಳಿಯಲು ಬೆರಳ ತುದಿಯಿಂದ ಒತ್ತಿ ನೋಡುತ್ತೇವೆ. ಬೆರಳಿಗೆ ಅಂಟದಿದ್ದರೆ ಸಹಿ. ದಿನಕ್ಕೆ ಹತ್ತಾರು ಸಲ ಮಾಡುವ ಕೆಲಸ. ಕೈ ತಾನಾಗಿ ಹೋಗುತ್ತದೆ. ಅಂದೂ ಹೋಯಿತು. ಬಲಗಣ್ಣು ಒಣಗಿತ್ತು. ಎಡಗಣ್ಣು ಒಣಗಿರಲಿಲ್ಲ. ನನ್ನ ಬೆರಳು ಕಪ್ಪಾಯಿತು; ತಟ್ಟನೆ ಕೈ ಹಿಂದೆಗೆದಾಗ ಬೆರಳು ಜಾರಿ ಸಂತನ ಎಡ ಪಾಪೆ ಕಿವಿಯವರೆಗೆ ಎಳೆದುಕೊಂಡು ಹೋಯಿತು.

ಅವನು ಕೂಗುತ್ತಾನೆ ಎಂದು ಕಾದೆ. ಅವನು ನಕ್ಕ.

"ಹ್ಯಾಂಗೆ ಕಾಣ್ತದೆ ಸಾಹೇಬ್ರೆ? ಜೀವ ಬಂತಾ?"

ಅವನ ಮುಖ ನೇರವಾಗಿ ಆ ಒರೆಸಿಹೋದ ಕಣ್ಣಿನ ಕಡೆಗೇ ಇತ್ತು.

"ಎಡಗಣ್ಣು ನೋಡು," ಎಂದೆ.

"ನೋಡ್ದೆ. ಚಲೋ ಬಂದದೆ."

"ಮುಟ್ಟಿ ನೋಡು," ಎಂದೆ. ಕನ್ನಡಿಯನ್ನು ನೆಲಕ್ಕಿಟ್ಟು, ಕೈಚಾಚಿ ಸಂತನ ಕೆನ್ನೆಯನ್ನು ತಡವಿದ. ಬೆರಳಿಗೆ ಹಸಿ ಬಣ್ಣ ತಾಗಿತು. ಅಲ್ಲೇ ಡ್ರಮ್ಮಿಗೆ ಒರಗಿ ಕುಳಿತ.

"ಎಂಟು ತಿಂಗ್ಳಾಯ್ತು. ನಡುವೆ ಎಲ್ಲ ಹೊಗೆ, ಅಂಚು ಮಾತ್ರ ಕಾಣ್ತದೆ," ಎಂದ. ಪಾಪೆಯ ಸುತ್ತ ಉಗುರಿಗೆ ಸಿಗುವಷ್ಟು ಗೀರು ಕೊರೆದು, ಆ ಗೀರು ಹಿಡಿದೇ ಕುಂಚ ಆಡಿಸಿದ್ದ. "ಮುಂದಿನ ತಿಂಗ್ಳು ನನ್ನ ವೀಸಾ ರಿನ್ಯೂ. ನೀವು ಫಿಟ್ ಅಂತ ಬರೆದ್ರೆ ಇನ್ನೆರಡು ವರ್ಷ. ಹೇಳ್ಬೇಡಿ ಸಾಹೇಬ್ರೆ. ಕಣ್ಣಿಲ್ಲದ ಗುಡಿಗಾರ ಊರಿಗೆ ಹೋಗಿ ಎಂತ ಮಾಡೂದು?"

ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಕಣ್ಣನ್ನು ಒರೆಸಿದೆ. ಗೀರಿನಲ್ಲಿ ಬಣ್ಣ ತುಂಬಿಹೋಗಿ ಅವನ ಉಗುರಿಗೆ ಸಿಗಲಿಲ್ಲ. ಅವನು ಕುಂಚವನ್ನು ನನಗೆ ಕೊಟ್ಟು ನನ್ನ ಮಣಿಕಟ್ಟು ಹಿಡಿದುಕೊಂಡ. "ಉಸಿರು ಕಟ್ಟಿ. ಈಗ ತಿರುಗ್ಸಿ. ಸಾಕು." ಪಾಪೆ ತುಂಬಿತು. ಗೇಣುದ್ದ ದೂರದಿಂದ ಅದು ನನ್ನನ್ನು ನೋಡಿತು. ಕನ್ನಡಿ ನೆಲದ ಮೇಲೇ ಇತ್ತು. ಇಬ್ಬರಿಗೂ ಅದರ ನೆನಪಾಗಿರಲಿಲ್ಲ.

ಶನಿವಾರ ಲಾರಿ ಬಂತು, ಪ್ರತಿಮೆ ಹೋಯಿತು. ಮುಂದಿನ ತಿಂಗಳು ಅವನ ಫಾರ್ಮ್ ನನ್ನ ಮೇಜಿಗೆ ಬಂತು. ಅವನು ಬಣ್ಣ ಹೊಡೆಯುವುದಲ್ಲದೆ ಗ್ರೈಂಡರ್ ಕೂಡ ಹಿಡಿಯುವವನು. ಕಣ್ಣಿನ ಆ ಹೊಗೆಯಲ್ಲಿ, ತಿರುಗುವ ಚಕ್ರದ ಮುಂದೆ ಅವನನ್ನು ನಿಲ್ಲಿಸುವುದು ನನ್ನ ಸಹಿ. ಕಣ್ಣು ಕಾಣುವುದಿಲ್ಲ ಎಂದು ಏಳು ಗಂಟೆಗೆ ಬರೆದೆ, ಏಳೂಕಾಲಿಗೆ ಆಫೀಸಿಗೆ ಕೊಟ್ಟೆ. ಅವನನ್ನು ಒಂದು ಮಾತೂ ಕೇಳಲಿಲ್ಲ. ಕಣ್ಣಿನ ಡಾಕ್ಟರು ಇದಕ್ಕೆ ಮದ್ದಿಲ್ಲ ಎಂದರು. ಅರಬಾಬ್ ಟಿಕೆಟ್ ತೆಗೆಸಿದರು.

ಹೊರಡುವ ದಿನ ಅವನು ವರ್ಕ್‌ಶಾಪಿಗೆ ಬಂದ. ಜಗಳ ನಿರೀಕ್ಷಿಸಿದ್ದೆ.

"ನಿಮ್ಮ ಮುಖ ಒಂದ್ಸಲ ನೋಡ್ಕಳ್ತೆ ಸಾಹೇಬ್ರೆ," ಎಂದ.

ಎರಡೂ ಕೈಯಿಂದ ನನ್ನ ಹಣೆ, ಹುಬ್ಬು, ಕೆನ್ನೆಯೆಲುಬು ತಡವಿದ. ಮಣ್ಣಿನ ಮಾದರಿಯನ್ನು ತಡವಿದ ಹಾಗೆ, ಅವಸರವಿಲ್ಲದೆ. "ಕಣ್ಣು ಮುಚ್ಚಿ," ಎಂದ. ಮುಚ್ಚಿದೆ. ಹೆಬ್ಬೆರಳುಗಳು ನನ್ನ ರೆಪ್ಪೆಗಳ ಮೇಲೆ ಕುಳಿತವು. ನೋವಾಗುವಷ್ಟಲ್ಲ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇದ್ದವು. ಹೊರಗೆ ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿದ್ದ. ನಾನು ಬಿಡಿಸಿಕೊಳ್ಳಲಿಲ್ಲ.

"ಬಲಗಣ್ಣು ನಾ ಬರೆದದ್ದು, ಎಡದ್ದು ನೀವು," ಎಂದ. "ಚರ್ಚಿಗೆ ಹೋದ್ರೆ ಬಲಗಣ್ಣಿನ ಬದಿಗೆ ನಿಂತ್ಕಳಿ. ನಾ ನೋಡ್ತೆ."

ಸಂತನ ಹಬ್ಬಕ್ಕೆ ಚರ್ಚಿನವರು ಕರೆದಿದ್ದರು, ಹೋಗಿದ್ದೆ. ಪ್ರತಿಮೆಯನ್ನು ಹೂವಿನ ನಡುವೆ ನಿಲ್ಲಿಸಿದ್ದರು. ಎರಡು ಕಣ್ಣಿಗೂ ವ್ಯತ್ಯಾಸವಿದೆಯೆಂದು ಯಾರೂ ಹೇಳಲಿಲ್ಲ. ನಾನು ಎಡಬದಿಗೆ ನಿಂತೆ. ನನ್ನ ಕೈಯಿಂದಲೇ ಬಂದ ಕಣ್ಣಿನ ಎದುರು ನಿಲ್ಲುವುದು ಸುಲಭ ಎಂದುಕೊಂಡಿದ್ದೆ. ಕನ್ನಡಿಯಿಲ್ಲದೆ ಮೊದಲು ನನ್ನನ್ನೇ ನೋಡಿದ ಕಣ್ಣು ಅದು. ಐದು ನಿಮಿಷವೂ ನಿಲ್ಲಲಾಗಲಿಲ್ಲ.